ಕೊನೆಯ ಪುಟದ ಕೋರಿಕೆ

ಕೋರ್ಟಿನ ಜಗಲಿಯಲ್ಲಿ ಮೂವತ್ತು ವರ್ಷದಿಂದ ಅರ್ಜಿ ಟೈಪು ಮಾಡುತ್ತಿದ್ದ ಅಕ್ಕ, ಯಾವ ಅರ್ಜಿ ಬಂದರೂ ಮೊದಲು ಕೋರ್ಟಿನಿಂದ ಏನು ಬೇಕೆಂಬ ಕೋರಿಕೆ ಇರುವ ಕೊನೆಯ ಪುಟವನ್ನೇ ಓದುತ್ತಿದ್ದಳು. ಅಂದು ಹೊಸ ವಕೀಲನೊಬ್ಬ ತನ್ನ ಕಕ್ಷಿದಾರ ಹೆಂಗಸಿನೊಂದಿಗೆ ಬಂದು ಹನ್ನೆರಡು ಪುಟ ಮುಂದಿಟ್ಟ.

"ಬೇಗ ಅಕ್ಕಾ, ಹನ್ನೊಂದಕ್ಕೆ ಸಲ್ಲಿಸ್ಬೇಕು."

ಅಕ್ಕ ಕೊನೆಯ ಪುಟ ನೋಡಿ ಕಾಗದವನ್ನು ಹಿಂದಕ್ಕೆ ತಳ್ಳಿದಳು. "ಗೋಳೆಲ್ಲ ಚೆನ್ನಾಗಿ ಬರೆದಿದ್ದೀರಿ ವಕೀಲ್ರೇ. ಜಡ್ಜ್ ಈಗ ಏನು ಮಾಡ್ಬೇಕು?"

"ಓದಿದ್ರೆ ಅವರಿಗೇ ಗೊತ್ತಾಗುತ್ತಲ್ಲ!"

"ಗೊತ್ತಾಗುತ್ತೆ. ಆದ್ರೆ ಬಾಯಿಬಿಟ್ಟು ಕೇಳದೇ ಇದ್ದದ್ದನ್ನ ಕೊಡಲ್ಲ."

ಅಕ್ಕ ಹೆಂಗಸಿನತ್ತ ತಿರುಗಿದಳು. "ನಿನಗೇನು ಬೇಕಮ್ಮಾ?"

"ಮಾಲೀಕರು ಅಂಗಡಿಗೆ ಬೀಗ ಜಡಿದಿದ್ದಾರೆ. ಅದನ್ನ ತೆಗೆಸ್ಲಿ ಅಕ್ಕಾ, ನನ್ನ ಹೊಲಿಗೆ ಮೆಷಿನ್ನು ಒಳಗಿದೆ."

ಅಕ್ಕನ ಬೆರಳುಗಳು ಆಗಲೇ ಆ ಕೋರಿಕೆಯನ್ನು ಟೈಪು ಮಾಡುತ್ತ ಓಡತೊಡಗಿದ್ದವು. ಆ ಹನ್ನೆರಡು ಪುಟಗಳಲ್ಲಿ ಹೊಲಿಗೆ ಮೆಷಿನ್ನಿನ ಸುದ್ದಿಯೇ ಇರಲಿಲ್ಲ.