ಬಲಕ್ಕೆ ಸರಿದ ದನಿ

ಕಿವಿಗೆ ಹಾಕಿಕೊಳ್ಳುವ ವಸ್ತುವಿಗೆ ಹೊಸ ಚಪ್ಪಲಿಯ ವಾಸನೆ ಇರಬಹುದೆಂದು ನನಗೆ ಈ ವಯಸ್ಸಿನವರೆಗೂ ಗೊತ್ತಿರಲಿಲ್ಲ. ಕಳೆದ ವಾರ ಶೆಟ್ಟರು ಪೆಟ್ಟಿಗೆ ಬಿಚ್ಚಿ ಆ ಕಪ್ಪು ಹೆಡ್‌ಫೋನನ್ನು ನನ್ನ ಕೈಗಿಟ್ಟಾಗ ಮೊದಲು ಬಂದದ್ದು ಅದೇ, ಹದ ಮಾಡಿದ ತೊಗಲಿನ ವಾಸನೆ. ಮೂಗಿಗೆ ಹಿಡಿದು ನೋಡಿದೆ. "ಅದು ಕಿವಿಗೆ, ಮಾರಾಯ್ರೆ," ಎಂದರು ಶೆಟ್ಟರು.

ಶೆಟ್ಟರು ಅಂದರೆ ಪುಣೆಯ ಕಾತ್ರಜದಲ್ಲಿ ಹೋಟೆಲು ನಡೆಸುವ ನಮ್ಮ ಪ್ರಭಾಕರ ಶೆಟ್ಟರು. ಊರು ಕುಂದಾಪುರದ ಕಡೆ. ಮಧ್ಯಾಹ್ನದ ಊಟದ ಗಿರಾಕಿಗಳು ಚದುರಿದ ಮೇಲೆ, ಸಂಜೆಯ ದೋಸೆಗೆ ಕಾವಲಿ ಕಾಯುವ ತನಕ ಅವರಿಗೆ ಬಿಡುವು. ಉಳಿದ ಹೋಟೆಲಿನವರು ಆ ಹೊತ್ತಿಗೆ ಒಂದು ನಿದ್ದೆ ತೆಗೆಯುತ್ತಾರೆ. ಇವರು ಮಹಡಿಯ ಕೋಣೆಗೆ ಹೋಗಿ ಖಯಾಲ್ ಕೇಳುತ್ತಾರೆ. ಇನ್ನೊಂದು ವಿಚಿತ್ರವಿದೆ. ಹೆಡ್‌ಫೋನು ದುಬಾರಿಯಾದಷ್ಟೂ ಅದರ ಬೆನ್ನು ಬಯಲಂತೆ, ಬರೀ ಜಾಳಿಗೆ. ಒಳಗಿನ ಹಾಡು ಹೊರಗೆ, ಹೊರಗಿನ ಬಸ್ಸಿನ ಹಾರ್ನು ಒಳಗೆ. ಅದಕ್ಕೆಂದು ಶೆಟ್ಟರು ಕಿಟಕಿಗೆಲ್ಲ ಅಕ್ಕಿಯ ಗೋಣಿತಟ್ಟು ಹೊಡೆಸಿದ್ದಾರೆ. ಹಣ ಸುರಿದು ಬಯಲು ಕೊಳ್ಳುವುದು, ಆಮೇಲೆ ಅದಕ್ಕೆ ಗೋಣಿ ಮುಚ್ಚುವುದು; ಹವ್ಯಾಸ ಅಂದರೆ ಇದೇ ಅಲ್ಲವೇ?

ಎರಡು ಹೆಡ್‌ಫೋನುಗಳನ್ನು ಪರೀಕ್ಷೆಗೆಂದು ತರಿಸಿದ್ದರು. ಒಂದು ಕಪ್ಪು, ಇನ್ನೊಂದರದು ಮರದ ಬಟ್ಟಲು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಮರುದಿನ ವಾಪಸು ಕಳಿಸಬೇಕು. ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಹೇಳುವ ಕೆಲಸ ನನ್ನದು. ಹಾಡು ಕೇಳುವ ನಮ್ಮ ಬಳಗದಲ್ಲಿ ನನ್ನ ಕಿವಿಗೆ ಸಣ್ಣದೊಂದು ಹೆಸರಿದೆ. ತಬಲಾ ಒಂದು ಎಳೆ ಇಳಿದಿದೆ ಎಂದು ನಾನು ಪಿಸುಗುಟ್ಟಿದರೆ ಪಕ್ಕದವರು ತಲೆಯಾಡಿಸುತ್ತಾರೆ. ಭೋಸರಿಯ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ನನ್ನಲ್ಲಿ ಉಳಿದಿರುವ ಜಂಬವೆಂದರೆ ಇದೊಂದೇ.

ಇವು ಸಾಮಾನ್ಯ ಹೆಡ್‌ಫೋನುಗಳಲ್ಲ, ಪ್ಲೇನಾರ್ ಮ್ಯಾಗ್ನೆಟಿಕ್ ಎಂಬ ಜಾತಿಯವು. ಹಾಗೆಂದರೇನು ಎಂದು ಕೇಳಿದ್ದಕ್ಕೆ ಶೆಟ್ಟರು ತಮ್ಮ ಕಸುಬಿನ ಭಾಷೆಯಲ್ಲೇ ಹೇಳಿದರು. ಸಾಮಾನ್ಯವಾದದ್ದರಲ್ಲಿ ಇಡ್ಲಿಯ ಹಾಗೆ ಉಬ್ಬಿದ ಸಣ್ಣದೊಂದು ಪೊರೆ, ಅದನ್ನು ಒಂದೇ ಕಡೆಯಿಂದ ನೂಕುವುದು. ಇದರಲ್ಲಿ ಅಯಸ್ಕಾಂತಗಳ ನಡುವೆ ನೀರುದೋಸೆಗಿಂತಲೂ ತೆಳುವಾದ ಹಾಳೆ. ಅದರ ಮೈತುಂಬ ಲೋಹದ ಗೆರೆಗಳು. ಕರೆಂಟು ಹರಿದರೆ ಇಡೀ ದೋಸೆ ಒಟ್ಟಿಗೇ ನಡುಗುತ್ತದೆ, ಒಟ್ಟಿಗೇ ನಿಲ್ಲುತ್ತದೆ. ಅದಕ್ಕೇ ನಾದ ಹುಟ್ಟುವುದೂ ಚುರುಕು, ಅಡಗುವುದೂ ಚುರುಕು.

ಹಾಕಿಕೊಂಡೆ. ಶೆಟ್ಟರು ಹಳೆಯದೊಂದು ಬೈಠಕ್ಕಿನ, ಅಂದರೆ ಮನೆಯ ಕಛೇರಿಯ, ಧ್ವನಿಮುದ್ರಣ ಹಚ್ಚಿದರು. ಕಪ್ಪು ಹೆಡ್‌ಫೋನಿನಲ್ಲಿ ತಬಲಾದ ಜೊತೆಯ ಡಗ್ಗಾದ ಗುಮುಕು ನೆಲದೊಳಗಿಂದ ಬಂದ ಹಾಗಿತ್ತು. ಬಡಿತವಷ್ಟೇ ಅಲ್ಲ, ಚರ್ಮದ ಮೇಲೆ ಅಂಗೈ ಉಜ್ಜಿದ್ದು ಕೂಡ. ಮರದ್ದು ಹಾಕಿದರೆ ಕೋಣೆಯ ಕಿಟಕಿ ತೆರೆದಂತೆ. ಹಾರ್ಮೋನಿಯಮ್ಮಿನ ತಿದಿ ಉಸಿರೆಳೆಯುವುದು, ಗಾಯಕ ತಾನ್ ತೆಗೆಯುವ ಮುಂಚೆ ತುಟಿ ಬಿಚ್ಚುವುದು, ಎಲ್ಲ ಬೇರೆಬೇರೆ. ಒಂದಕ್ಕೆ ಆಳ, ಇನ್ನೊಂದಕ್ಕೆ ಗಾಳಿ. ಎಷ್ಟು ಹೊತ್ತು ಬೇಕಾದರೂ ಹೀಗೆ ಬದಲಿಸುತ್ತ ಕೂತಿರಬಹುದಿತ್ತು. ಆದರೆ ಒಂದು ಕಸಿವಿಸಿ ಮೊದಲಿನಿಂದಲೂ ಇತ್ತು. ಗಾಯಕನ ದನಿ ಹಣೆಯ ನಡುವೆ ಇರಬೇಕಾದದ್ದು ಬಲಗಡೆಗೆ ಸರಿದಿತ್ತು.

"ದನಿ ಬಲಕ್ಕ ಸರದದ ರೀ," ಎಂದೆ.

ಶೆಟ್ಟರ ಮುಖ ಬಾಡಿತು. ಕಪ್ಪುದನ್ನು ತಾವು ಹಾಕಿಕೊಂಡು ಕಣ್ಣು ಮುಚ್ಚಿದರು. ನಡುವೆಯೇ ಇದ್ದ ಹಾಗಿದೆ ಎಂದರು, ತಕ್ಷಣ ತಮ್ಮನ್ನೇ ಅನುಮಾನಿಸಿದರು. ಅಡುಗೆಮನೆಯ ಫ್ಯಾನಿನ ಕೆಳಗೆ ಬೆಳೆದ ಕಿವಿ ನನ್ನದು, ನಿಮ್ಮದರ ಮುಂದೆ ಎಲ್ಲಿ ಎಂದರು. ಮರದ್ದರಲ್ಲಿ ನೋಡಿದೆ, ಅದರಲ್ಲೂ ಬಲಕ್ಕೇ. ಹಾಗಾದರೆ ವೈರಿನ ದೋಷ ಎಂದು ವೈರು ಬದಲಾಯಿಸಿದರು. ಹೋಗಲಿಲ್ಲ. ಸದ್ದು ಹಿಗ್ಗಿಸುವ ಯಂತ್ರದ ದೋಷ ಎಂದು ಅದನ್ನು ಬಿಟ್ಟು ಮೊಬೈಲಿಗೇ ಜೋಡಿಸಿದರು. ಹೋಗಲಿಲ್ಲ. ಮೂರನೆಯ ಸಲ ಹಾಕಿಕೊಂಡು ಕೇಳಿದವರು ನಿಧಾನವಾಗಿ ಹೇಳಿದರು: "ಹೌದು ಮಾರಾಯ್ರೆ. ಈಗ ನನಗೂ ಬಲಕ್ಕೇ ಕೇಳ್ತದೆ. ಎರಡನ್ನೂ ವಾಪಸ್ ಕಳಿಸುವ."

ಚಹಾ ಹೇಳಲು ಅವರು ಕೆಳಗಿಳಿದರು. ನಾನು ಎರಡು ಹೆಡ್‌ಫೋನುಗಳ ನಡುವೆ ಕೂತು, ದೋಷ ಇವುಗಳದ್ದೋ ನನ್ನ ಎಡಗಿವಿಯದ್ದೋ ಎಂದು ಯೋಚಿಸತೊಡಗಿದೆ. ಕಾರ್ಖಾನೆಯಲ್ಲಿ ನನ್ನ ಮೇಜಿನ ಎಡಮಗ್ಗುಲಿಗೆ ತಗಡು ಬಡಿಯುವ ಪ್ರೆಸ್ ಯಂತ್ರಗಳ ಗೋಡೆಯಿತ್ತು. ಮನೆಯಲ್ಲಿ ಹೆಂಡತಿ ಎಡಗಡೆ ಕೂತು ಏನಾದರೂ ಹೇಳಿದರೆ ನಾನು ಹೂಂ ಅನ್ನುವುದಿಲ್ಲ ಎಂಬ ದೂರೂ ಇದೆ. ಅದನ್ನು ನಾನು ಗಂಡಂದಿರ ಸಾಮಾನ್ಯ ಧರ್ಮವೆಂದು ಬಿಟ್ಟಿದ್ದೆ.

ಆಗ ನೆನಪಾದವರು ನಮ್ಮ ಶಂಕರ ಕಾಕಾ.

ಕಾಕಾ ನಮ್ಮ ತಂದೆಯ ತಮ್ಮ, ದೌಂಡದ ರೈಲ್ವೆ ಶೆಡ್ಡಿನಲ್ಲಿ ಎಂಜಿನ್ನು ರಿಪೇರಿಯ ಕೆಲಸ. ದಿನಾ ಪುಣೆಯ ನಮ್ಮ ಮನೆಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಸಂಜೆ ಕೈಕಾಲು ತೊಳೆದು, ಅವ್ವ ಕೊಟ್ಟ ಚುರಮುರಿ ತಿಂದು, ರೇಡಿಯೊ ಮುಂದೆ ಕೂಡುವರು. ಮುಂದೆ ಅಂದೆನೇ? ಮಗ್ಗುಲಿಗೆ. ಬಲಗಿವಿ ರೇಡಿಯೊ ಕಡೆಗೆ, ಮುಖ ಗೋಡೆಗೆ. ಅಷ್ಟು ಹಾಡು ತಿಳಿದವರು ಹಾಗೆ ಕೂಡುತ್ತಾರೆಂದ ಮೇಲೆ ಹಾಡು ಕೇಳುವ ಕ್ರಮವೇ ಅದಿರಬೇಕಲ್ಲ? ಹಾಡುವವರನ್ನು ನೋಡಬಾರದು, ಕೇಳಬೇಕು ಎಂದು ಅಪ್ಪ ಅದಕ್ಕೊಂದು ಅರ್ಥವನ್ನೂ ಹಚ್ಚಿದರು. ನಾವು ಮಕ್ಕಳೆಲ್ಲ ಸಾಲಾಗಿ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದೆವು. ಆ ಗೋಡೆಯ ಕ್ಯಾಲೆಂಡರಿನ ಏಕಾದಶಿಗಳೆಲ್ಲ ನನಗೆ ಬಾಯಿಪಾಠ. ಒಳಗೆ ರೊಟ್ಟಿ ಬಡಿಯುವ ಅವ್ವ ಕೂಡ ಒಳ್ಳೆಯ ಹಾಡು ಬಂದರೆ ಬಲಗಿವಿಯನ್ನು ಇತ್ತ ತಿರುಗಿಸುತ್ತಿದ್ದಳು. ಪಕ್ಕದ ಮನೆಯ ಮರಾಠಿ ಹೆಂಗಸು ಒಮ್ಮೆ ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿ, "ರೇಡಿಓಶೀ ಭಾಂಡಲಾತ ಕಾ?" ಎಂದು ಕೇಳಿದ್ದಳು. ರೇಡಿಯೊ ಜೊತೆ ಜಗಳವಾಗಿದೆಯೇ ಎಂದು.

ಕಾಕಾನ ಮಗಳು ಸುಧಕ್ಕನನ್ನು ನೋಡಲು ಸೊಲ್ಲಾಪುರದಿಂದ ವರನ ಕಡೆಯವರು ಬಂದಾಗ ಇದು ಅತಿಯಾಯಿತು. ಉಪ್ಪಿಟ್ಟು ಆಯಿತು, ಹುಡುಗಿ ಹಾಡಲಿ ಎಂದರು. ಅವಳು ಬಾಯಿ ತೆರೆದದ್ದೇ ತಡ, ನಾವೆಲ್ಲ ಸರಕ್ಕನೆ ಗೋಡೆಗೆ ತಿರುಗಿದೆವು. ಹಾಡು ಮುಗಿದ ಮೇಲೆ ವರನ ತಂದೆ ಅಪ್ಪನ ಹತ್ತಿರ ಸರಿದು ಮೆಲ್ಲಗೆ ಕೇಳಿದರಂತೆ, "ಹುಡಿಗಿ ಹಾಡು ಮನಿಯವ್ರಿಗೇ ಸೇರೂದಿಲ್ಲೇನ್ರೀ?" ಎಂದು. ಸಂಬಂಧವೇನೋ ಕೂಡಿತು. ಸುಧಕ್ಕನ ಗಂಡ ಈಗಲೂ ಯಾವುದೇ ಕಛೇರಿಯಲ್ಲಿ ಒಂದು ಮಗ್ಗುಲಾಗಿಯೇ ಕೂಡುತ್ತಾರೆ.

ಕಾಕಾನಿಗೆ ವಯಸ್ಸಾಗಿ ಬಲಗಿವಿಯೂ ಮಂದವಾದಾಗ ನಾನೇ ಅವರನ್ನು ಡಾಕ್ಟರರಲ್ಲಿಗೆ ಕರೆದೊಯ್ದೆ. ಡಾಕ್ಟರು ಪರೀಕ್ಷಿಸಿ, ಎಡಗಿವಿ ಹೋಗಿ ಬಹಳ ವರ್ಷವಾಗಿರಬೇಕು, ಕೆಲಸ ಎಲ್ಲಿತ್ತು ಎಂದು ಕೇಳಿದರು. ಕಾಕಾ ದೌಂಡದ ಶೆಡ್ಡು ಎಂದರು. ರಿಕ್ಷಾದಲ್ಲಿ ವಾಪಸು ಬರುವಾಗ ನಾನು ಅವರ ಬಲಕ್ಕೆ ಕೂತು ಜೋರಾಗಿ ಕೇಳಿದೆ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು. ಅವರು ಬಲಗಿವಿಯನ್ನು ನನ್ನತ್ತ ತಿರುಗಿಸಿ ಹೊರಗೆ ನೋಡಿದರು.

"ಹೇಳಬೇಕಂತ ಮಾಡಿದ್ನೆಪಾ," ಎಂದರು. "ಆದ್ರ ನೀವು ಎಲ್ಲಾರೂ ನನ್ನಂಗ ಕೂತುಬಿಟ್ರಿ. ನಾ ಒಬ್ಬನ ಹಂಗ ಕೂತಿದ್ರ ಹೇಳ್ತಿದ್ದೆ."

ಆಗ ನಾನು ನಕ್ಕಿದ್ದೆ. ಮನೆಗೆ ಬಂದು ಎಲ್ಲರಿಗೂ ಹೇಳಿ ನಗಿಸಿದ್ದೆ. ಆ ಮಾತಿನ ತೂಕ ತಿಳಿದದ್ದು ಮಾತ್ರ ಕಾತ್ರಜದ ಆ ಮಹಡಿಯಲ್ಲಿ, ಶೆಟ್ಟರು ಚಹಾ ಹಿಡಿದು ಮೆಟ್ಟಿಲೇರುವ ಸಪ್ಪಳ ಕೇಳಿದಾಗ. ಪಾಪ, ಅವರೂ ನನ್ನ ಜೊತೆ ಗೋಡೆಗೆ ತಿರುಗಿ ಕೂತುಬಿಟ್ಟಿದ್ದರು. ನಾನು ಸುಮ್ಮನಿದ್ದರೆ ಸಾಕಿತ್ತು. ಎರಡು ಒಳ್ಳೆಯ ವಸ್ತುಗಳು ಕೆಟ್ಟವೆಂಬ ಹೆಸರು ಹೊತ್ತು ಹೋಗುತ್ತಿದ್ದವು, ನನ್ನ ಕಿವಿಯ ಹೆಸರು ಉಳಿಯುತ್ತಿತ್ತು.

ಕಪ್ಪು ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡೆ, ಎಡದ ಬಟ್ಟಲು ಬಲಕ್ಕೆ, ಬಲದ್ದು ಎಡಕ್ಕೆ. ದೋಷ ಅದರದ್ದೇ ಆಗಿದ್ದರೆ ದನಿ ಈಗ ಎಡಕ್ಕೆ ಬರಬೇಕು. ಬರಲಿಲ್ಲ. ಗಾಯಕ ಬಲಗಡೆಯೇ ಕೂತು ಹಾಡುತ್ತಿದ್ದ.

"ಶೆಟ್ರ, ಇವು ಎರಡೂ ಛಲೋ ಅವ," ಎಂದೆ. "ದನಿ ನಡಬರಕ ಅದ. ನನ್ನ ಎಡಗಿವಿ ಹೋಗೇದ ರೀ."

ಶೆಟ್ಟರು ಲೋಟಗಳನ್ನು ಕೆಳಗಿಟ್ಟರು. ಛೇ, ಹಾಗೇನಿಲ್ಲ, ವಯಸ್ಸು, ಶೀತ, ಕಿವಿಯ ಗುಗ್ಗೆ ಎಂದು ಏನೇನೋ ಹೇಳುತ್ತಾರೆಂದು ಕಾದೆ. ಅವರು ಅದೊಂದನ್ನೂ ಹೇಳಲಿಲ್ಲ. ಹೆಡ್‌ಫೋನನ್ನು ಸರಿಯಾಗಿ ತಿರುಗಿಸಿ ಹಾಕಿಸಿದರು. ಯಂತ್ರದ ಮೇಲೆ ಎಡಬಲದ ಸದ್ದನ್ನು ಹೆಚ್ಚುಕಡಿಮೆ ಮಾಡುವ ಸಣ್ಣ ಗುಂಡಿಯೊಂದಿತ್ತು. ಅದಕ್ಕೆ ಬೆರಳಿಟ್ಟು ನನ್ನ ಮುಖ ನೋಡಿದರು.

"ನಡುವೆ ಬಂದಾಗ ಹೇಳಿ," ಎಂದರು.

ಗುಂಡಿ ಎಡಕ್ಕೆ ತಿರುಗುತ್ತ ಹೋಯಿತು. ಗಾಯಕ ಮೊದಲು ಕದಲಲಿಲ್ಲ. ಆಮೇಲೆ ತುಂಬಿದ ಬಸ್ಸಿನಲ್ಲಿ ಜಾಗ ಮಾಡಿಕೊಡುವವರ ಹಾಗೆ ಸ್ವಲ್ಪ ಸ್ವಲ್ಪವೇ ಸರಿಯುತ್ತ ಬಂದು ಹಣೆಯ ನಡುವೆ ಕೂತ. ನಾನು ಕೈ ಎತ್ತಿದೆ. ಶೆಟ್ಟರು ಬೆರಳು ತೆಗೆದರು.

ಹಾಗೆ ಕೂತೇ ಎರಡನ್ನೂ ಮತ್ತೆ ಮೊದಲಿನಿಂದ ಕೇಳಿದೆ. ಕಪ್ಪುದನ್ನೇ ಇಟ್ಟುಕೊಳ್ಳಿ ಎಂದೆ. ಯಾಕೆ ಎಂದು ಅವರು ಸನ್ನೆಯಲ್ಲೇ ಕೇಳಿದರು. ನಾನು ಎಡಗಡೆಗೆ ಬೆರಳು ತೋರಿಸಿದೆ. ಗಾಯಕನ ಹಿಂದೆ, ನನ್ನ ಎಡಕ್ಕೆ, ಯಾರೋ ಒಬ್ಬರು ಆಗಿನಿಂದಲೂ ತಂಬೂರಿ ಮೀಟುತ್ತ ಕೂತಿದ್ದರು, ನನಗೆ ಕೇಳಿಸಿದ್ದು ಈಗ. ಅವರ ಖರಜದ ತಂತಿ, ಎಲ್ಲಕ್ಕಿಂತ ತಗ್ಗಿನದು, ಕಪ್ಪುದರ ಆಳದಲ್ಲಿ ಮೆಲ್ಲಗೆ ಎದ್ದು, ತುಂಬಿ, ಅಡಗಿ, ಮತ್ತೆ ಏಳುತ್ತಿತ್ತು.

ಚಹಾ ಆರಿತು. ನಾವು ಹೆಡ್‌ಫೋನನ್ನು ಸರದಿಯಲ್ಲಿ ಹಾಕಿಕೊಂಡು ಆ ತಂಬೂರಿಯನ್ನೇ ಕೇಳುತ್ತ ಕೂತೆವು.