ಬಾನೆಟ್ಟಿನ ಒಳಗಿನ ಸೀರೆ

ಬೆರಳ ಗೆಣ್ಣಿನಿಂದ ಕುಟ್ಟಿ ನೋಡದೆ ಯೋಗಾನಂದ ಯಾವ ವಸ್ತುವನ್ನೂ ನಂಬಿದವರಲ್ಲ. ಬಸ್ಸಿನ ಸೀಟು, ಮಹಡಿ ಮೇಲಿನ ನೀರಿನ ಟ್ಯಾಂಕು, ಮದುವೆ ಛತ್ರದ ಬಾಗಿಲಲ್ಲಿ ಸೊಂಡಿಲೆತ್ತಿ ನಿಂತ ಫೈಬರ್ ಆನೆ, ಯಾವುದೇ ಇರಲಿ, ಎರಡು ಸಲ ಟಕಟಕ ಎನ್ನಿಸಿ, ಕಿವಿಗೊಟ್ಟು ಕೇಳಿ, "ಒಳಗೆ ಗಾಳಿ ಸೇರ್ಕೊಂಡಿದೆ. ಮಾಡ್ದೋನು ಕಳ್ಳ" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಮೂವತ್ತೈದು ವರ್ಷ ಫೈಬರ್ ಕೆಲಸ ಮಾಡಿದವರು. ಅಚ್ಚಿನ ಮೇಲೆ ಗಾಜಿನ ನಾರಿನ ಮ್ಯಾಟು ಹಾಸುವುದು, ಅದರ ಮೇಲೆ ರೆಸಿನ್ ಬಳಿಯುವುದು, ಗಟ್ಟಿಯಾದ ಮೇಲೆ ಬಿಡಿಸುವುದು, ಕೆಲಸ ಇಷ್ಟೇ. ಅದಕ್ಕೆ ಅವರು ತಾವೇ ಕೊಟ್ಟುಕೊಂಡ ಮರ್ಯಾದೆ ಮಾತ್ರ ದೇವಸ್ಥಾನ ಕಟ್ಟಿದ ಶಿಲ್ಪಿಗೂ ಸಿಕ್ಕಿರಲಾರದು. "ನಾನ್ ಮಾಡಿದ್ರಲ್ಲಿ ಒಂದೇ ಒಂದ್ ಗುಳ್ಳೆ ತೋರ್ಸಿ, ಮೀಸೆ ಬೋಳಿಸ್ಕೋತೀನಿ" ಎಂದು ಅವರು ಸವಾಲು ಹಾಕದ ಮದುವೆಮನೆ ಕಾಮಾಕ್ಷಿಪಾಳ್ಯದಲ್ಲಿ ಇರಲಿಲ್ಲ. ಅರವತ್ತು ದಾಟಿದರೂ ಮೀಸೆ ಜಾಗದಲ್ಲೇ ಇತ್ತು.

ಹಾಗಾಗಿ ಮಗ ರೇವಂತ್ ಹಳೆಯದೊಂದು ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟಾಗ ಅಪ್ಪನನ್ನು ಕೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ. ನಾಗರಬಾವಿಯ ರಿಂಗ್ ರೋಡಿನಲ್ಲಿ ಅವನದೊಂದು ಕಾರು ತೊಳೆದು ಪಾಲಿಶ್ ಮಾಡಿಕೊಡುವ ಅಂಗಡಿ. ಮುಂದೆ ಒಂದು ಕೆಂಪು ಸ್ಪೋರ್ಟ್ಸ್ ಕಾರು ನಿಲ್ಲಿಸಿದರೆ ಹೋಗೋರು ಬರೋರೆಲ್ಲ ಫೋಟೋ ತೆಗೀತಾರೆ, ಫೋಟೋ ತೆಗೆದವರು ತಮ್ಮ ಗಾಡಿಯನ್ನೂ ತೊಳೆಸ್ತಾರೆ ಎನ್ನುವುದು ಅವನ ಲೆಕ್ಕಾಚಾರ.

"ಅಪ್ಪ, ಇಲ್ನೋಡು. ಕೆಂಗೇರಿಲಿ ಒಬ್ರ ಹತ್ರ ಇದೆ. ಫುಲ್ ಫೈಬರ್ ಬಾಡಿ, ಎರಡೇ ಸೀಟು. ನಮ್ ರಾಜಾಜಿನಗರದಲ್ಲೇ ಮಾಡಿದ್ದಂತೆ. ಒಟ್ಟು ಒಂಬತ್ತೇ ಗಾಡಿ ಮಾಡಿದ್ರಂತೆ."

ಯೋಗಾನಂದ ಮೊಬೈಲನ್ನು ಕೈಚಾಚಿ ದೂರ ಹಿಡಿದು ನೋಡಿದರು. ಮೂತಿ ಚೂಪು, ಬೆನ್ನು ಗಿಡ್ಡ. ಬಲ ದೀಪದ ಮೇಲೆ ಗೆರೆಯಂಥ ಒಂದು ತಗ್ಗು. ಅಚ್ಚಿನಲ್ಲೇ ಇದ್ದ ಆ ತಗ್ಗನ್ನು ಒಂಬತ್ತನೆಯ ಗಾಡಿಗೆ ಮಾತ್ರ ತುಂಬಲು ಅವರಿಗೇ ಪುರುಸೊತ್ತು ಸಿಕ್ಕಿರಲಿಲ್ಲ. ಅವರು ಕಾಫಿ ಲೋಟವನ್ನು ಕೆಳಗಿಟ್ಟರು.

"ಈ ಡಬ್ಬ ಯಾಕೋ? ಬೇಡ."

"ನೋಡ್ದೇನೆ ಬೇಡ ಅಂದ್ರೆ? ಕುಟ್ಟಿ ನೋಡ್ದೆ ಮಾತಾಡ್ಬಾರ್ದು ಅನ್ನೋನು ನೀನೇ ಅಲ್ವಾ?"

ತಮ್ಮ ಮಾತೇ ತಮಗೆ ತಿರುಗಿ ಬಂದಿತ್ತು. ಭಾನುವಾರ ಹೋಗುವುದೆಂದು ತೀರ್ಮಾನವಾಯಿತು.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಶೆಡ್ಡಿನ ಮಾಲೀಕ ಮೋಹನ್ ಕುಮಾರ್‌ಗೆ ನೀರಿನ ಟ್ಯಾಂಕು ಮಾಡಿ ಮಾಡಿ ಬೇಜಾರಾಗಿ ಸ್ಪೋರ್ಟ್ಸ್ ಕಾರಿನ ಹುಚ್ಚು ಹತ್ತಿತ್ತು. ಕಾರಿಗೆ 'ಮಿಂಚು' ಎಂದು ಹೆಸರಿಟ್ಟ. ಒಂಬತ್ತನೆಯ ಮಿಂಚಿನ ಬಾನೆಟ್ ಮಾಡುತ್ತಿದ್ದ ಮಧ್ಯಾಹ್ನ, ಅರ್ಧಕ್ಕೆ ಮ್ಯಾಟು ಮುಗಿಯಿತು. ಬಕೆಟ್ಟಿನಲ್ಲಿ ರೆಸಿನ್ನಿಗೆ ಹಾರ್ಡ್ನರ್ ಬೆರೆಸಿಯಾಗಿತ್ತು. ಬೆರೆಸಿದ ಮೇಲೆ ಅದು ಯಾರಿಗೂ ಕಾಯುವುದಿಲ್ಲ, ಅರ್ಧ ಗಂಟೆಯೊಳಗೆ ಕಲ್ಲಾಗುತ್ತದೆ. ಬಕೆಟ್ ಹಾಳಾದರೆ ಮೋಹನ್ ಕುಮಾರ್ ಸುಮ್ಮನೆ ಬಿಡುವವನಲ್ಲ. ಯೋಗಾನಂದರ ವಠಾರ ಶೆಡ್ಡಿನ ಹಿಂದೆಯೇ ಇತ್ತು. ಓಡಿದರು. ಹಗ್ಗದ ಮೇಲೆ ಎರಡು ವಾಯಲ್ ಸೀರೆ ಒಣಗುತ್ತಿದ್ದವು, ಎರಡೂ ಹಸಿರು, ಎರಡರ ಮೇಲೂ ಸಣ್ಣ ಹಳದಿ ಹೂವು. ಬೀದಿಯಲ್ಲಿ ಗಂಟು ಹೊತ್ತು ಬಂದವನ ಹತ್ತಿರ ಅವರ ಹೆಂಡತಿ ಅಂಜನಮ್ಮ ಮತ್ತು ಪಕ್ಕದ ಮನೆಯ ಶಂಕ್ರವ್ವ ಒಂದೇ ದಿನ, ಒಂದೇ ರೇಟಿಗೆ ಚೌಕಾಸಿ ಮಾಡಿ ಕೊಂಡ ಸೀರೆಗಳು. ಯಾವುದು ಯಾರದೆಂದು ನೋಡುವ ತಾಳ್ಮೆ ಯೋಗಾನಂದರಿಗೆ ಇರಲಿಲ್ಲ. ಕೈಗೆ ಸಿಕ್ಕ ಒಂದನ್ನು ಎಳೆದುಕೊಂಡು ಹೋಗಿ, ಕತ್ತರಿಸಿ, ಬಾನೆಟ್ಟಿನೊಳಗೆ ಹಾಸಿ ರೆಸಿನ್ ಬಳಿದರು. ಬಾನೆಟ್ಟಂತೂ ಬಹಳ ಚೆನ್ನಾಗಿ ಬಂತು. ಒಂದು ಗುಳ್ಳೆ ಇರಲಿಲ್ಲ.

ಸಂಜೆ ಹಗ್ಗದ ಮೇಲೆ ಸೀರೆ ಒಂದು, ಅದರ ಎರಡು ತುದಿಯಲ್ಲಿ ಹೆಂಗಸರು ಇಬ್ಬರು.

"ಇದು ನಂದ ಐತ್ರಿ. ನೀವು ಫಾಲ್ ಹಚ್ಚಿದ್ದು ಕೆಂಪು ದಾರದಾಗ. ಇದರಾಗ ನೋಡ್ರಿ, ಬಿಳಿ ದಾರ" ಎಂದರು ಶಂಕ್ರವ್ವ. ಬಿಳಿ ದಾರದ ಉಂಡೆ ಮುಗಿದಿತ್ತೆಂದು ಅಂಜನಮ್ಮ ಕೆಂಪು ದಾರದಲ್ಲೇ ಫಾಲ್ ಹೊಲಿದದ್ದು, ವಠಾರವೆಲ್ಲ ಅದನ್ನು ನೋಡಿ ನಕ್ಕದ್ದು, ಎರಡೂ ನಿಜ.

"ಕೆಂಪು ದಾರ ಬಿಚ್ಚಿ ಹೋದ ವಾರಾನೇ ಬಿಳೀದು ಹಾಕ್ದೆ. ನಿಮ್ಗೆ ಹೇಳಿ ಹಾಕ್ಬೇಕಿತ್ತಾ?" ಎಂದರು ಅಂಜನಮ್ಮ.

ವಠಾರದ ಒಡತಿ ಅಕ್ಕಯ್ಯಮ್ಮ ಕಟ್ಟೆಯ ಮೇಲೆ ಕೂತು ವಿಚಾರಣೆ ನಡೆಸಿದರು. ಅಂಜನಮ್ಮ ಆರು ವರ್ಷದ ಬಾಡಿಗೆಯವರು. ಶಂಕ್ರವ್ವ ಗದಗಿನ ಕಡೆಯಿಂದ ಬಂದು ಮೂರು ತಿಂಗಳಾಗಿತ್ತಷ್ಟೇ, ಗಂಡ ಊರಲ್ಲಿರಲಿಲ್ಲ, ಮಾತಿನ ಧಾಟಿಯೂ ಬೇರೆ. ನ್ಯಾಯ ಎತ್ತ ವಾಲಿತೆಂದು ಬಿಡಿಸಿ ಹೇಳಬೇಕಾಗಿಲ್ಲ. "ಕಳ್ಳಿ" ಎಂಬ ಮಾತೂ ಬಂತು. ವಾರದೊಳಗೆ ಶಂಕ್ರವ್ವ ಟ್ರಂಕು ಹೊತ್ತುಕೊಂಡು ಬಸ್ಸು ಹತ್ತಿದರು. ಇಷ್ಟೂ ಹೊತ್ತು ಯೋಗಾನಂದ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದರು. ರೆಸಿನ್ ಅಂಟಿದ ಕೈ ಬೇಗ ಬಿಡುವುದಿಲ್ಲ ನಿಜ, ಆದರೆ ಅಷ್ಟು ಹೊತ್ತೂ ಬೇಕಾಗಿರಲಿಲ್ಲ.

ಆಮೇಲೆ ಅವರು ಮನಸ್ಸಿಗೆ ಒಂದು ಸಮಾಧಾನ ಹೇಳಿಕೊಂಡರು. ಅಂಜನಾ ಸುಳ್ಳು ಹೇಳುವವಳಲ್ಲ. ಅಂದರೆ ಉಳಿದದ್ದು ಅವಳದೇ ಸೀರೆ. ತಾನು ಕತ್ತರಿಸಿದ್ದು ಶಂಕ್ರವ್ವನದು, ಒಂದು ಸೀರೆ ಹೋಯಿತು, ಅಷ್ಟೇ ತಾನೇ? ಈ ಅರ್ಧ ನ್ಯಾಯವನ್ನು ತಲೆದಿಂಬು ಮಾಡಿಕೊಂಡು ಇಪ್ಪತ್ತೈದು ವರ್ಷ ನಿದ್ದೆ ಮಾಡಿದರು. ಗೆದ್ದ ಸೀರೆಯನ್ನು ಅಂಜನಮ್ಮ ನುಸಿಗುಳಿಗೆ ಹಾಕಿ ಬೀರುವಿನಲ್ಲಿಟ್ಟರು. ಒಂದು ಹಬ್ಬಕ್ಕೂ ಉಡಲಿಲ್ಲ. ಅಷ್ಟು ಅಕ್ಕರೆಯ ಸೀರೆ ಎಂದುಕೊಂಡಿದ್ದರು ಯೋಗಾನಂದ. ಈಚೆಗೆ ಮಲ್ಲತ್ತಹಳ್ಳಿ ಕೆರೆಯ ಹತ್ತಿರ 'ಶಂಕ್ರವ್ವ ಖಡಕ್ ರೊಟ್ಟಿ' ಎಂಬ ಬೋರ್ಡು ಎದ್ದ ಮೇಲೆ, ಬಸ್ಸು ಆ ತಿರುವಿಗೆ ಬಂದಾಗಲೆಲ್ಲ ಅಂಜನಮ್ಮ ಇನ್ನೊಂದು ಕಿಟಕಿಯ ಕಡೆ ನೋಡುತ್ತಿದ್ದರು.

ಕೆಂಗೇರಿಯ ದೊಡ್ಡಹನುಮಯ್ಯ ಹೊಲ ಮಾರಿದ ಹುರುಪಿನಲ್ಲಿ ಕೊಂಡ ಕಾರು ಅದು. ಹಸುಗಳು ಹೋದ ಮೇಲೆ ಖಾಲಿಯಾದ ಕೊಟ್ಟಿಗೆಯಲ್ಲಿ ನಿಂತಿತ್ತು. ಡ್ರೈವರ್ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು.

"ಎರಡು ಸಲ ಓಡ್ಸಿವ್ನಿ ಸಾಮಿ. ರೋಡ್ ಮೇಲೆ ಮಕಾಡೆ ಮಲಗ್ದಂಗೆ ಆಯ್ತದೆ. ಎದ್ರುಗೆ ಬರೋ ಲಾರಿದು ಚಕ್ರ ಬಿಟ್ರೆ ಇನ್ನೇನೂ ಕಾಣಕ್ಕಿಲ್ಲ" ಎಂದರು ದೊಡ್ಡಹನುಮಯ್ಯ.

ರೇವಂತ್ ಬಾನೆಟ್ ಎತ್ತಿ ಇಂಜಿನ್ ನೋಡುವ ಮೊದಲೇ ಯೋಗಾನಂದ ತಲೆ ಒಳಗೆ ತೂರಿಸಿದರು. ಬಾನೆಟ್ಟಿನ ಒಳಮೈಯೆಲ್ಲ ಮಸಿ, ಜಿಡ್ಡು, ಜೇಡರ ಬಲೆ. ಹೆಬ್ಬೆರಳಿಗೆ ಉಗುಳು ಹಚ್ಚಿ ಮೂಲೆಯಲ್ಲಿ ಉಜ್ಜಿದರು. ಹಸಿರು ಕಂಡಿತು. ಹಳದಿ ಹೂವು ಕಂಡಿತು. ಇನ್ನೊಂದಿಷ್ಟು ಉಜ್ಜಿದರೆ ಫಾಲ್ ಪಟ್ಟಿ, ಅದರ ಉದ್ದಕ್ಕೂ ಕೆಂಪು ದಾರದ ಹೊಲಿಗೆ.

ಕತ್ತರಿಸಿದ್ದು ಅಂಜನಮ್ಮನ ಸೀರೆ. ಬೀರುವಿನಲ್ಲಿರುವುದು ಶಂಕ್ರವ್ವನದು. ಕೆಂಪು ದಾರವನ್ನು ಯಾರೂ ಬಿಚ್ಚಿರಲಿಲ್ಲ, ಯಾರೂ ಬಿಳಿಯದನ್ನು ಹಾಕಿರಲಿಲ್ಲ. ಹೆಂಡತಿ ಅಂದು ಕಟ್ಟೆಯ ಮುಂದೆ ನಿಂತು ಹೇಳಿದ್ದು ಹಸಿ ಸುಳ್ಳು.

ಈ ಗಾಡಿ ಮನೆಗೆ ಬರಕೂಡದು. ಯೋಗಾನಂದ ಸೊಂಟ ಕಟ್ಟಿ ನಿಂತರು.

"ಇಲ್ನೋಡಿ, ಬಣ್ಣದ ಕೆಳಗೆ ಗುಳ್ಳೆ. ಇಲ್ಲಿ ಬಿರುಕು, ಜೇಡರ ಬಲೆ ಥರ ಹರಡ್ಕೊಂಡಿದೆ. ಈ ಬಾಗಿಲ ಸಂದಿಲಿ ಬೆರಳು ಹೋಗುತ್ತೆ, ಆ ಬಾಗಿಲಲ್ಲಿ ಉಗುರೂ ಹೋಗಲ್ಲ. ಮಡ್‌ಗಾರ್ಡ್ ಕುಟ್ಟಿ ನೋಡಿ, ಗಾಳಿ. ಮಾಡ್ದೋನು..." ಎಂದು ಅಭ್ಯಾಸಬಲದಿಂದ ಶುರುಮಾಡಿ, ಮುಂದಿನ ಮಾತನ್ನು ನುಂಗಿಕೊಂಡರು.

ಒಂದೊಂದು ಕುಂದು ಹೇಳಿದ ಹಾಗೆಲ್ಲ ದೊಡ್ಡಹನುಮಯ್ಯ ರೇಟು ಇಳಿಸುತ್ತ ಹೋದರು. ರೇಟು ಇಳಿದಷ್ಟೂ ರೇವಂತನ ಮುಖ ಅರಳಿತು. ಅಪ್ಪ ಚೌಕಾಸಿಯಲ್ಲಿ ಇಷ್ಟು ಗಟ್ಟಿಗನೆಂದು ಅವನಿಗೆ ಗೊತ್ತೇ ಇರಲಿಲ್ಲ. ಕೊನೆಗೆ ದೊಡ್ಡಹನುಮಯ್ಯ, "ಹೋಗ್ಲಿ ಬುಡಿ ಸಾಮಿ, ಅರ್ಧಕ್ಕೇ ತಕ್ಕೊಂಡೋಗಿ. ಇಷ್ಟು ತಿಳ್ಕಂಡೋರ ಕೈಗೆ ಸೇರ್ತದಲ್ಲ, ಅದೇ ಸಮಾಧಾನ" ಎಂದು ಕೋಳಿಯನ್ನು ಎಬ್ಬಿಸಿ ಕಳಿಸಿದರು.

ಯೋಗಾನಂದ ಕಪ್ಪು ಬಣ್ಣದ ಒಂದು ಡಬ್ಬಿ ತಂದಿಟ್ಟುಕೊಂಡರು. ಇಂಜಿನ್ ರಿಪೇರಿ ಮುಗಿದು ಗಾಡಿ ಮನೆಗೆ ಬರುವಷ್ಟರಲ್ಲಿ ಬಾನೆಟ್ಟಿನ ಒಳಮೈಗೆ ಬಳಿದುಬಿಡುವುದೆಂದು ಉಪಾಯ. ಆದರೆ ಮಗನ ಕಸುಬೇ ತೊಳೆಯುವುದು. ಹದಿನೈದು ದಿನದ ಮೇಲೆ ಅವನು ಗಾಡಿಯನ್ನು ಮನೆ ಮುಂದೆ ತಂದು ನಿಲ್ಲಿಸಿದಾಗ ಬಾನೆಟ್ಟಿನ ಒಳಗೂ ಪಾಲಿಶ್ ಆಗಿ ಫಳಫಳ ಹೊಳೆಯುತ್ತಿತ್ತು.

"ಅಪ್ಪ, ಒಳಗಡೆ ಹೂವಿನ ಡಿಸೈನ್ ಇದೆ! ಇದನ್ನ ನೀನ್ಯಾಕೆ ಹೇಳ್ಲಿಲ್ಲ? ರೀಲ್ ಹಾಕ್ದೆ, ಆಗ್ಲೇ ಎಂಟು ಸಾವಿರ ಜನ ನೋಡಿದ್ದಾರೆ."

ಎಂಟು ಸಾವಿರ ಜನ ನೋಡಿದರೂ ಯೋಗಾನಂದರ ಭಯ ಒಬ್ಬರದೇ. ಆ ಒಬ್ಬರು ಆರತಿ ತಟ್ಟೆ, ನಿಂಬೆಹಣ್ಣು ಹಿಡಿದು ಹೊರಗೆ ಬಂದರು. ಚಕ್ರಗಳಿಗೆ ನಿಂಬೆಹಣ್ಣು ಇಟ್ಟರು. ಇಂಜಿನ್ನಿಗೆ ಕುಂಕುಮ ಹಚ್ಚಲೆಂದು ತೆರೆದ ಬಾನೆಟ್ಟಿನ ಕೆಳಗೆ ಬಾಗಿದವರು ಹಾಗೆಯೇ ನಿಂತುಬಿಟ್ಟರು. ಕುಂಕುಮದ ಬೆರಳನ್ನು ಕೆಂಪು ಹೊಲಿಗೆಯ ಗುಂಟ ನಿಧಾನವಾಗಿ ಎಳೆದರು. ತಾವು ಹಾಕಿದ ಹೊಲಿಗೆ ಯಾವ ಹೆಂಗಸಿಗೆ ಮರೆಯುತ್ತದೆ? ಆಮೇಲೆ ಗಂಡನ ಕಡೆ ತಿರುಗಿದರು.

ಗಂಡ ಕಳ್ಳ ಎಂದು ಅಂಜನಮ್ಮನಿಗೆ ಗೊತ್ತಾಯಿತು. ತಾನು ಸುಳ್ಳಿ ಎಂದು ಗಂಡನಿಗೆ ಗೊತ್ತಾಗಿದೆ ಎನ್ನುವುದೂ ಗೊತ್ತಾಯಿತು. ಇಬ್ಬರಲ್ಲಿ ಯಾರಿಗೂ ಯಾರನ್ನೂ ಕೇಳುವ ಬಾಯಿ ಉಳಿದಿರಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಗಂಡ ಹೆಂಡತಿ ಇಷ್ಟು ಸರಿಸಮ ಆಗಿದ್ದು ಅದೇ ಮೊದಲು.

"ಕಪ್ಪು ಬಣ್ಣ ತಂದಿಟ್ಟಿದೀನಿ" ಎಂದರು ಯೋಗಾನಂದ, ಮೆಲ್ಲಗೆ.

ಅಂಜನಮ್ಮ ಒಳಗೆ ಹೋದರು. ಬೀರುವಿನ ಬಾಗಿಲು ಕಿರುಗುಟ್ಟಿತು. ಪ್ಲಾಸ್ಟಿಕ್ ಕವರೊಂದನ್ನು ಎದೆಗೊತ್ತಿಕೊಂಡು ಬಂದು, "ಗಾಡಿ ತೆಗೀರಿ" ಎಂದರು. ಕಣ್ಣು ತುಂಬಿತ್ತು. "ಇದನ್ನ ಉಡೋಕೆ ಒಂದಿನಾನೂ ಮನಸ್ಸು ಬರ್ಲಿಲ್ಲ ಕಣ್ರೀ. ಯಾರ್ ಮುಂದೆ ಹೇಳ್ಕೊಳ್ಳಿ?"

"ಅಮ್ಮ, ಎಲ್ಲಿಗೆ? ನಾನ್ ಓಡಿಸ್ತೀನಿ" ಎಂದ ರೇವಂತ್, ಏನೂ ಅರ್ಥವಾಗದೆ.

"ಸೀಟು ಇರೋದು ಎರಡು. ತಪ್ಪು ಮಾಡಿರೋರೂ ಇಬ್ರೇ. ನೀನು ಮನೇಲಿರು."

ಹಾಗೆ ಅರವತ್ತು ದಾಟಿದ ಒಬ್ಬರು, ಐವತ್ತೈದು ಮುಟ್ಟಿದ ಒಬ್ಬರು ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ರಸ್ತೆಗೆ ಹೊಟ್ಟೆ ತಾಗಿಸಿಕೊಂಡು ಮಲ್ಲತ್ತಹಳ್ಳಿಗೆ ಹೊರಟರು. ಪ್ರತಿ ಹಂಪಿನಲ್ಲೂ ಗಾಡಿಯ ತಳ ಕೆರೆಯಿತು. ಸುಮನಹಳ್ಳಿ ಸಿಗ್ನಲ್ಲಿನಲ್ಲಿ ಬೈಕಿನ ಹುಡುಗರು, "ಅಂಕಲ್, ಸೂಪರ್! ಆಂಟಿ ಜೊತೆ ಲಾಂಗ್ ಡ್ರೈವಾ?" ಎಂದು ವಿಡಿಯೋ ಮಾಡಿಕೊಂಡರು. ಅಂಕಲ್‌ಗೆ ಎಲ್ಲಾದರೂ ಗಾಡಿ ಕೆಟ್ಟು ನಿಲ್ಲಬಾರದೇ ಎನ್ನಿಸುತ್ತಿತ್ತು. ಅದು ಒಂದು ಸಲ ಕೆಮ್ಮಲೂ ಇಲ್ಲ.

ಗಾಡಿಯ ಸದ್ದಿಗೆ ಶಂಕ್ರವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿಯಲು ಮಾತ್ರ ಕ್ಷಣವೂ ಬೇಕಾಗಲಿಲ್ಲ, ಮುಖ ಗಂಟಿಕ್ಕಿತು. ಅಂಜನಮ್ಮ ಕವರಿನಿಂದ ಸೀರೆ ತೆಗೆದು ಎರಡೂ ಕೈಯಲ್ಲಿ ಹಿಡಿದರು. "ನಿಮ್ದೇ ಶಂಕ್ರವ್ವ. ಅವತ್ತೂ ಗೊತ್ತಿತ್ತು. ಸುಳ್ಳು ಹೇಳ್ದೆ" ಎಂದರು.

ಇನ್ನು ತಡಮಾಡಿ ಉಪಯೋಗವಿರಲಿಲ್ಲ. ಯೋಗಾನಂದ ಬಾನೆಟ್ ಎತ್ತಿದರು. ಶಂಕ್ರವ್ವ ಸೆರಗಿಗೆ ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಹಳದಿ ಹೂವನ್ನೂ ಕೆಂಪು ದಾರವನ್ನೂ ಬಹಳ ಹೊತ್ತು ನೋಡಿದರು.

"ಅಣ್ಣಾರ, ನೀವು ಅವತ್ತ ನಳದ ಹತ್ರ ಕೈ ತೊಳಕೋತ ನಿಂತಿದ್ರಿ. ನಿಮಗ ಗೊತ್ತಿತ್ತಲ್ರಿ?"

"ಗೊತ್ತಿತ್ತು" ಎಂದರು ಯೋಗಾನಂದ. ಕಂಡವರನ್ನೆಲ್ಲ ಕಳ್ಳ ಎಂದ ಬಾಯಿಂದ ತಮ್ಮ ಪಾಲಿಗೆ ಬಂದದ್ದು ಅದೊಂದೇ ಮಾತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಅಕ್ಕಯ್ಯಮ್ಮಾರು ಅದಾರೇನು ಇನ್ನ?"

"ಇದಾರೆ. ಎಂಬತ್ತೈದಾಯ್ತು. ಅದೇ ಮನೆ, ಅದೇ ಕಟ್ಟೆ. ಕಿವಿ ಚೆನ್ನಾಗೇ ಕೇಳುತ್ತೆ" ಎಂದರು ಅಂಜನಮ್ಮ.

ಶಂಕ್ರವ್ವ ಸೀರೆ ಇಸಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕಾಲು ಗಂಟೆಯ ಮೇಲೆ ಅದನ್ನೇ ಉಟ್ಟು ಹೊರಗೆ ಬಂದರು. ಮಡಿಕೆಯ ಗೆರೆಗಳು ಹಾಗೇ ಇದ್ದವು, ನುಸಿಗುಳಿಗೆಯ ವಾಸನೆ ಬೀದಿಗೆಲ್ಲ ಬಡಿಯುತ್ತಿತ್ತು. ನೇರವಾಗಿ ಹೋಗಿ ಕಾರಿನ ಎಡಗಡೆಯ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡರು.

"ನಡೀರಿ ಅಣ್ಣಾರ, ಅಕ್ಕಯ್ಯಮ್ಮಾರ ಆ ಕಟ್ಟಿಗೆ. ಅಲ್ಲಿ ಬಾನೆಟ್ ತಗದು ಹೇಳ್ರಿ. ಹೆಸರು ಹೋಗಿದ್ದು ಅಲ್ಲೇ, ಇಲ್ಲಲ್ಲ."

ಅಂಜನಮ್ಮ ಕಾರಿನ ಪಕ್ಕದಲ್ಲೇ ನಿಂತಿದ್ದರು. ಶಂಕ್ರವ್ವ ಕಿಟಕಿಯಿಂದ ತಲೆ ಎತ್ತಿ ಅವರನ್ನು ನೋಡಿದರು.

"ನೀವು ಬಸ್ಸಿಗೆ ಬರ್ರಿ ಅಕ್ಕಾರ. ಅವತ್ತ ನಾ ಟ್ರಂಕು ಹೊತಗೊಂಡು ಬಸ್ಸಿಗೇ ಹೋಗಿದ್ದೆ. ಈಗರ ಹೆಣ್ಮಕ್ಕಳಿಗೆ ಪುಕ್ಕಟೆ ಐತಿ."

ಯೋಗಾನಂದ ಗಾಡಿ ತಿರುಗಿಸಿದರು. ಅಂಜನಮ್ಮ ಖಾಲಿ ಕವರನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು ಬಸ್ ಸ್ಟಾಪಿನ ಕಡೆ ನಡೆದರು.