ಅತ್ತೆ ಬ್ರೇಕ್ ಒತ್ತಿದ ಭಾನುವಾರ

ಅವಳನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಟೇಪಕ್ಕ ಎಂದು. ಮೂವತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದಳು. ಅಳತೆ ಟೇಪು ಕೊರಳಿನಿಂದ ಇಳಿದದ್ದನ್ನು ಕಂಡವರಿಲ್ಲ. ಹೊಲಿದದ್ದನ್ನು ಗಿರಾಕಿಗಳ ಮನೆಗೆ ಮುಟ್ಟಿಸಲು ಹಳೆಯ ಕಾರೊಂದಿತ್ತು. ಇತ್ತೀಚೆಗೆ ಬ್ರೇಕ್ ಒತ್ತಿದೊಡನೆ ಆ ಕಾರಿಗೆ ಚಳಿಜ್ವರ ಬಂದಂತೆ ನಡುಕ ಹತ್ತುತ್ತಿತ್ತು.

“ಮುಂದಿನ ಎರಡೂ ಚಕ್ರದ ಬ್ರೇಕ್ ಡಿಸ್ಕು ಸವೆದು ಸೊಟ್ಟಗಾಗಿವೆ. ಈಗ ಕೈತುಂಬ ಕೆಲಸ, ಹದಿನೈದು ದಿನ ಬಿಟ್ಟು ತನ್ನಿ, ಬದಲಾಯಿಸೋಣ,” ಎಂದ ಗ್ಯಾರೇಜಿನವನು.

ಅಷ್ಟು ದಿನ ಕಾಯುವ ಜಾಯಮಾನ ಅವಳದಲ್ಲ. ಹೊಲಿಗೆ ಯಂತ್ರವನ್ನು ಬಿಚ್ಚಿ ಜೋಡಿಸಿ ಪಳಗಿದ ಕೈ. ಹೊಸ ಡಿಸ್ಕು, ಅದನ್ನು ಒತ್ತಿ ಹಿಡಿಯುವ ಪ್ಯಾಡು ಕೊಂಡು ತಂದಳು. ಕಾರಿನ ಕೈಪಿಡಿಯನ್ನು ಎರಡು ಸಲ ಓದಿ, ಭಾನುವಾರ ಬೆಳಿಗ್ಗೆ ಮನೆಮುಂದೆ ಚಾಪೆ ಹಾಸಿಯೇಬಿಟ್ಟಳು.

ಎಪ್ಪತ್ತೆಂಟರ ಅತ್ತೆ ಕುರ್ಚಿ ಎಳೆದುಕೊಂಡು ಮೇಸ್ತ್ರಿಯ ಹಾಗೆ ಕುಳಿತರು. “ಆನೆ ಎತ್ತೋಕೆ ಹೊರಟಿದ್ದೀಯಲ್ಲೇ ತಾಯಿ!”

“ಇಡೀ ಆನೆ ಅಲ್ಲ ಅತ್ತೆ, ಬರೀ ಮುಂಗಾಲು.”

ಚಕ್ರದ ನಟ್ಟುಗಳನ್ನು ಮೊದಲೇ ಸಡಿಲಿಸಿ, ಕಾರನ್ನು ಜಾಕಿನಲ್ಲಿ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡು ಕೊಟ್ಟಳು. ಚಕ್ರ ಕಳಚಿತು. ಡಿಸ್ಕನ್ನು ಇಕ್ಕಳದಂತೆ ಕಚ್ಚಿದ್ದ ಕ್ಯಾಲಿಪರನ್ನು ಬಿಚ್ಚಿ, ಅದರ ಬ್ರೇಕ್ ಎಣ್ಣೆಯ ಕೊಳವೆ ಜಗ್ಗದಿರಲೆಂದು ದಪ್ಪ ಬಟ್ಟೆಯ ಪಟ್ಟಿಯಿಂದ ಮೇಲಕ್ಕೆ ಕಟ್ಟಿದಳು. ಅಲ್ಲಿಗೆ ಅದೃಷ್ಟ ಮುಗಿಯಿತು. ತುಕ್ಕು ಹಿಡಿದ ಡಿಸ್ಕು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸುತ್ತಿಗೆಯ ಏಟು, ಎಣ್ಣೆ, ಮತ್ತೆ ಏಟು. ಅಳು ಬರುವಷ್ಟು ಸಿಟ್ಟು ಬಂತು.

“ಒಂದೇ ಕಡೆ ಯಾಕೆ ಬಡೀತೀಯಾ?” ಎಂದರು ಅತ್ತೆ. “ಡಬ್ಬಿ ಮುಚ್ಚಳ ಕಚ್ಕೊಂಡ್ರೆ ಸುತ್ತಲೂ ತಟ್ಟಲ್ವಾ?”

ಡಿಸ್ಕನ್ನು ತಿರುಗಿಸಿ ತಿರುಗಿಸಿ ತಟ್ಟಿದಳು. ನಾಲ್ಕನೇ ಸುತ್ತಿನಲ್ಲಿ ಅದು ಟಣ್ಣನೆ ಬಿಟ್ಟುಕೊಂಡಿತು.

“ಅತ್ತೇ, ಬಂತು!”

“ಬರದೆ ಏನು ಮಾಡುತ್ತೆ? ಹೇಳಿದ್ದು ಯಾರು?”

ಆಮೇಲಿನ ಕೆಲಸ ಹೂವೆತ್ತಿದಷ್ಟು ಸುಲಭವಾಯಿತು. ತುಕ್ಕು ಉಜ್ಜಿ, ಹೊಸ ಡಿಸ್ಕಿನ ಎಣ್ಣೆಪಸೆ ಒರೆಸಿ ತೊಡಿಸಿ, ಕ್ಯಾಲಿಪರಿನ ಪಿಸ್ಟನನ್ನು ಹಿಂದಕ್ಕೆ ತಳ್ಳಿ ಜಾಗ ಮಾಡಿ, ಪ್ಯಾಡು ಕೂರಿಸಿದಳು. ಇನ್ನೊಂದು ಬದಿಯೂ ಮುಗಿದು ಕಾರು ನೆಲಕ್ಕಿಳಿದಾಗ ಮಧ್ಯಾಹ್ನ ಎರಡು ಗಂಟೆ.

“ಅತ್ತೆ, ಒಳಗೆ ಕೂತು ಬ್ರೇಕ್ ಒತ್ತಿ. ನಾನು ಬಾನೆಟ್ ಎತ್ತಿ ಬ್ರೇಕ್ ಎಣ್ಣೆ ನೋಡ್ತೀನಿ.”

ಹುಟ್ಟಿದಾಗಿನಿಂದ ಅತ್ತೆ ಡ್ರೈವರ್ ಸೀಟಿನಲ್ಲಿ ಕುಳಿತವರೇ ಅಲ್ಲ. ಸೆರಗು ಸಿಕ್ಕಿಸಿಕೊಂಡು ಹತ್ತಿ, ಒತ್ತಿದರು. “ಅಯ್ಯೋ, ನೆಲಕ್ಕೇ ಹೋಯ್ತಲ್ಲೇ! ಮುರಿದ್ಹಾಕಿದೆನಾ?”

“ಪ್ಯಾಡು ಡಿಸ್ಕಿಗೆ ಮುಟ್ಟೋವರೆಗೂ ಹಾಗೇ. ಒತ್ತುತ್ತಾ ಇರಿ.”

ಆರನೇ ಸಲಕ್ಕೆ ಪೆಡಲು ಗಟ್ಟಿಯಾಯಿತು. ಅತ್ತೆ ಇಳಿಯಲಿಲ್ಲ. ಸ್ಟೀರಿಂಗ್ ಸವರಿದರು, ಆಮೇಲೆ ಧೈರ್ಯ ಮಾಡಿ ಹಾರ್ನ್ ಒತ್ತಿಯೇಬಿಟ್ಟರು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಓಡಿ ಬಂದರು. “ಏನಾಯ್ತು?”

“ಏನಿಲ್ಲ, ಬ್ರೇಕ್ ಬದಲಾಯಿಸಿದ್ವಿ,” ಎಂದರು ಅತ್ತೆ. ಆ ‘ವಿ’ ಕೇಳಿ ಟೇಪಕ್ಕನಿಗೆ ನಗು ತಡೆಯಲಾಗಲಿಲ್ಲ.

ಅತ್ತೆಯನ್ನು ಪಕ್ಕದ ಸೀಟಿಗೆ ದಾಟಿಸಿ ಖಾಲಿ ರಸ್ತೆಗೆ ಹೊರಟಳು. ಬ್ರೇಕ್ ಒತ್ತಿದಾಗ ಕಾರು ತುಂಬಿದ ಬಿಂದಿಗೆ ತುಳುಕದ ಹಾಗೆ ನಿಂತಿತು. ಹೊಸ ಡಿಸ್ಕು ಪಳಗಲೆಂದು ಹತ್ತಾರು ಸಲ ಹಾಗೆ ವೇಗ ಏರಿಸಿ ಇಳಿಸಿದಳು. ಪ್ರತಿ ಸಲವೂ ಅತ್ತೆ “ಹ್ಞಾಂ!” ಎಂದು ತಲೆದೂಗಿದರು.

“ಸಾಕಾ ಅತ್ತೆ? ಹೊಟ್ಟೆ ಹಸೀತಿಲ್ವಾ?”

“ಹಸಿವು ಇರಲಿ ಬಿಡು. ನಾಳೆ ಹಿಂದಿನ ಚಕ್ರ ಬಿಚ್ಚೋಣ್ವಾ?”

“ಹಿಂದಿನದು ಚೆನ್ನಾಗಿದೆ ಅತ್ತೆ.”

ಅತ್ತೆ ಸೆರಗನ್ನು ಮತ್ತೆ ಸಿಕ್ಕಿಸಿಕೊಂಡರು. “ಮೇಷ್ಟ್ರ ಕಾರೂ ಕಿರ್ ಅಂತಿತ್ತಪ್ಪ ಮೊನ್ನೆ...”